ಎರಡು ಬೆರಳಿನ ಬಾತುಕೋಳಿ

ನವೆಂಬರ್ 3, 2024, ಭಾನುವಾರ

ಇವತ್ತು ಮಗಳ ಎದುರು ಎರಡು ಗಂಟೆ ಕೂತಿದ್ದೆ. ಮೂರು ವರ್ಷದ ಮೇಲೆ. ಶಾಂಭವಿಗೆ ಈಗ ಐದು ತುಂಬಿದೆ.

ಕೋರ್ಟಿನ ಆದೇಶದಂತೆ ತಿಂಗಳ ಮೊದಲನೇ ಮತ್ತು ಮೂರನೇ ಭಾನುವಾರ, ಹನ್ನೊಂದರಿಂದ ಒಂದರವರೆಗೆ, ಲಿಂಗಸುಗೂರಿನಲ್ಲಿ ಅಮರಗುಂಡಪ್ಪನವರ ಪಡಸಾಲೆಯಲ್ಲಿ ಭೇಟಿ. ಅವರು ಎರಡೂ ಕಡೆಗೆ ಬೇಕಾದ ಹಿರಿಯರು, ನಿವೃತ್ತ ಮಾಸ್ತರರು. ಪೇಪರು ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ಕೊನೆಗೆ ಒಂದು ನೋಟುಬುಕ್ಕಿನಲ್ಲಿ ‘ಭೇಟಿ ಆಯಿತು’ ಎಂದು ಬರೆದು ನನ್ನ ಸಹಿ ತೆಗೆದುಕೊಳ್ಳುತ್ತಾರೆ.

“ಶಾಂಬೂ, ನಿಮ್ಮವ್ವ ಬಂದಾಳ ನೋಡು,” ಎಂದರು.

ಮಗು ತಟ್ಟನೆ ಬಾಗಿಲ ಕಡೆ ತಿರುಗಿತು. ನಾನು ಇದ್ದದ್ದು ಮಗುವಿನ ಎದುರಿಗೆ.

ಅವ್ವ ಎಂದರೆ ಅವಳಿಗೆ ಭುವನೇಶ್ವರಿ. ನನ್ನ ಗಂಡ ಸಂಗನಬಸವನ ಅಕ್ಕ. ನನಗೆ ಕಾಯಿಲೆಯಾಗಿ ಮಸ್ಕಿಯ ಅಣ್ಣನ ಮನೆ ಸೇರಿದ ದಿನದಿಂದ ನನ್ನ ಮಗಳನ್ನು ತನ್ನದು ಮಾಡಿಕೊಂಡು ಕೂತಿರುವ ಹೆಂಗಸು.

ಚಾಕಲೇಟು ಕೊಟ್ಟೆ. “ಥ್ಯಾಂಕ್ಯೂ ರೀ,” ಎಂದಳು. ನನ್ನ ಮಗಳು ನನಗೆ ರೀ ಎಂದಳು. ಆಮೇಲೆ ಕಿಟಕಿಯ ಸರಳು ಹಿಡಿದು ನಿಂತವಳು ಒಂದು ಗಂಟೆಯಾಗುವವರೆಗೂ ಹಾಗೇ ನಿಂತಿದ್ದಳು.

ವಾಪಸ್ಸು ಬರುವಾಗ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತು. ಅಣ್ಣನ ಮನೆ ಅಲ್ಲೇ ಹತ್ತಿರ. ಇಳಿಯಲಿಲ್ಲ. ಹೆಂಗಾತು ಎಂದು ಅತ್ತಿಗೆ ಕೇಳುತ್ತಾಳೆ. ಹೇಳುವಂಥದ್ದು ಏನೂ ಆಗಿರಲಿಲ್ಲ. ಸಿಂಧನೂರಿಗೆ ಬಂದು ಕೋಣೆಯ ಬೀಗ ತೆಗೆದೆ.

ದಿನಾ ಬರೆದಿಡು, ಯಾರಿಗೂ ತೋರಿಸಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬರೆದಿದ್ದೇನೆ. ಮಾತ್ರೆ ನುಂಗಿದೆ.

ನವೆಂಬರ್ 6, ಬುಧವಾರ

ನಾನು ಕಲಿಸುವ ನರ್ಸರಿ ಶಾಲೆಯಲ್ಲಿ ಹೊಸ ವಿಷಯ ಶುರು. ನೀರಿನ ಹಕ್ಕಿಗಳು. ಜನವರಿ ಕೊನೆಗೆ ಪಾಲಕರಿಗೆ ಪ್ರದರ್ಶನ ಆಗಬೇಕಂತೆ. ದೊಡ್ಡ ಮೇಡಂ ಒಂದು ಚಾರ್ಟು ಕೊಟ್ಟರು. ಮೇಲೆ ಒಂದು ಹಳದಿ ಬಾತುಕೋಳಿ, ಕೆಂಪು ಕೊಕ್ಕು, ತಲೆಗೆ ನೀಲಿ ರಿಬ್ಬನ್ನು.

“ಬರೇ ಬಾತುಕೋಳಿ ಸಾಕು ದಾನೇಶ್ವರಿ. ಕೊಕ್ಕರೆ ಗಿಕ್ಕರೆ ಬ್ಯಾಡ. ಕಾಲು ಉದ್ದ ಇರ್ತಾವ, ಮುರೀತಾವ.”

ಇಪ್ಪತ್ತಮೂರು ಮಕ್ಕಳು. ಪೇಪರ್ ತಟ್ಟೆಯನ್ನು ಅರ್ಧ ಮಡಚಿ, ಹಳದಿ ಬಳಿದು, ಕುತ್ತಿಗೆ ಅಂಟಿಸುವುದು. ಅರ್ಧ ಗೋಂದು ನೆಲಕ್ಕೆ, ಕಾಲು ಭಾಗ ಬಾಯಿಗೆ. ಒಬ್ಬಳು ಮಾತ್ರ, ಪಂಪಾವತಿ ಎಂಬ ಹುಡುಗಿ, ತಟ್ಟೆಗೆಲ್ಲ ಕಪ್ಪು ಬಳಿದು ಕೂತಿದ್ದಳು.

“ಬಾತುಕೋಳಿ ಹಳದಿ ಇರ್ತದ,” ಎಂದು ತಟ್ಟೆ ಕಸಿದು ಬೇರೆಯದು ಕೊಟ್ಟೆ.

“ನಮ್ಮ ಕಾಲುವಿ ಕಡಿಯವು ಕರ್ರಗ ಅದಾವ್ರೀ ಮಿಸ್.”

“ಚಾರ್ಟ್ ನೋಡು.”

ಅವಳು ಚಾರ್ಟು ನೋಡಿದಳು. ನನ್ನನ್ನೂ ನೋಡಿದಳು. ಹೊಸ ತಟ್ಟೆಯನ್ನು ಮುಟ್ಟಲಿಲ್ಲ.

ನವೆಂಬರ್ 11, ಸೋಮವಾರ

ಏನೂ ಇಲ್ಲ. ಉಗುರಿನ ಹಳದಿ ಹೋಗುತ್ತಿಲ್ಲ. ಮಾತ್ರೆ ನುಂಗಿದೆ.

ನವೆಂಬರ್ 17, ಭಾನುವಾರ

ಮಕ್ಕಳು ಮನೆಗೆ ಹೋದ ಮೇಲೆ ಶಾಂಭವಿಗಾಗಿ ಒಂದು ತಟ್ಟೆಯ ಬಾತುಕೋಳಿ ಮಾಡಿಟ್ಟಿದ್ದೆ. ಅಂಚಿಗೆ ಸರಿಯಾಗಿ, ಗೋಂದು ಕಾಣದ ಹಾಗೆ. ಬಸ್ಸಿನಲ್ಲಿ ಅರವತ್ತು ಕಿಲೋಮೀಟರು ತೊಡೆಯ ಮೇಲಿಟ್ಟುಕೊಂಡು ಒಯ್ದೆ. ತಟ್ಟೆಯ ದುಂಡು ಅಂಚು ಕೆಳಗೆ ಬಂದಿದ್ದರಿಂದ ಒತ್ತಿ ಬಿಟ್ಟರೆ ತೂಗುತ್ತದೆ.

ಕಿಟಕಿ ಬಿಟ್ಟು ಬಂದಳು. ಒಂದು ಬೆರಳಿನಿಂದ ಒತ್ತಿದಳು. ತೂಗಿತು.

“ನೀವ ಮಾಡೀರೇನ್ರಿ?”

“ಹೂಂ. ನಿನಗ.”

“ನಮ್ಮವ್ವಗ ತೋರಿಸ್ಲ್ಯಾ?”

ಒಂದು ಗಂಟೆ ಆದ ಮೇಲೆ ಎಂದೆ. ಆಮೇಲೆ ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬಂದರೆ ಒಂದು ಗಂಟೆ ಎಂದು ಕೇಳಿದಳು. ತೋರಿಸಿದೆ. ಬಾತುಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಮುಳ್ಳನ್ನೇ ನೋಡುತ್ತ ಕೂತಳು.

ಆದರೂ ಮುಟ್ಟಿದಳು. ಮಾತಾಡಿದಳು. ಬಾತುಕೋಳಿ ಹಿಡಿಸಿದೆ.

ನವೆಂಬರ್ 20, ಬುಧವಾರ

ಗಂಗಾಧರ ವಕೀಲರ ಫೋನು. ಫೆಬ್ರವರಿ ಆರಕ್ಕೆ ವಿಚಾರಣೆ. ಅವತ್ತು ಜಡ್ಜ್ ಸಾಹೇಬರು ಮಗುವನ್ನು ಒಳಗೆ ಕರೆದು ಮಾತಾಡಿಸಬಹುದು, ಯಾರ ಜೊತೆ ಇರುತ್ತೀ ಎಂದು ಕೇಳಬಹುದು ಎಂದರು.

“ಆಕಿ ಬಾಯಿಂದ ನಿಮ್ಮ ಹೆಸರು ಬರಬೇಕು ಮೇಡಂ. ನೀವು ಮಕ್ಕಳ ಟೀಚರು. ನಾ ಹೇಳಬೇಕೇನು? ಆಟ ಆಡಿಸ್ಕೋತ ಹೇಳಿಕೊಡ್ರಿ.”

ಫೆಬ್ರವರಿ ಆರರೊಳಗೆ ಐದು ಭಾನುವಾರ. ಐದೆರಡು ಹತ್ತು ಗಂಟೆ.

ನವೆಂಬರ್ 26, ಮಂಗಳವಾರ

ಗದ್ದೆಗಳ ಕಟಾವು ಮುಗಿದಲ್ಲಿ ಬಾತುಕೋಳಿ ಮೇಯಿಸುವವರು ಬಂದಿದ್ದಾರೆ. ಆಂಧ್ರದ ಕಡೆಯವರು. ಉದುರಿದ ಭತ್ತ ತಿನ್ನಿಸುತ್ತ ಗದ್ದೆಯಿಂದ ಗದ್ದೆಗೆ ಹೋಗುತ್ತಾರೆ. ತರಗತಿಗೆ ಗರಿ ಬೇಕಾಗಿತ್ತು. ಒಬ್ಬಳೇ ಹೋಗುತ್ತೇನೆಂದರೆ ಮನೆಯ ಮಾಲಕಿ ಜೈನಾಬೀ ಬಿಡಲಿಲ್ಲ. ಎಪ್ಪತ್ತರ ಮುದುಕಿ, ಕೆಳಗಿನ ಮನೆಯಲ್ಲಿ ಅವರೂ ಒಬ್ಬರೇ.

“ಹೊಲದಾಗ ಒಬ್ಬಾಕಿನ ಹೋಗ್ತಿಯೇನು ಬೇಟಿ? ನಡಿ, ನಾನೂ ಬರ್ತೀನಿ. ನನಗೂ ಮನ್ಯಾಗ ಗ್ವಾಡಿ ನೋಡಿ ನೋಡಿ ಸಾಕಾಗೇದ.”

ಆಟೋ ಇಳಿದು ಕಾಲುವೆಯ ಏರಿ ಹತ್ತಿದರೆ ಕೆಳಗೆ ಗದ್ದೆ ತುಂಬ ಬಾತುಕೋಳಿ. ಸಾವಿರ ಇರಬಹುದು. ಕಂದು, ಬೂದು, ಕಪ್ಪು ಚುಕ್ಕೆ. ಕೆಸರಿನ ಬಣ್ಣವೇ ಎದ್ದು ನಡೆದ ಹಾಗೆ. ಹಳದಿ ಎಂಬುದು ಒಂದೂ ಇಲ್ಲ. ಕಾಯುವವನ ಹೆಸರು ಆಂಜನೇಯ. ಉದ್ದನೆಯ ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ. ಹಳದಿ ಬಾತುಕೋಳಿ ಇಲ್ಲವೇ ಎಂದು ಕೇಳಿದೆ. ನಕ್ಕ.

“ಪಸುಪು ಬಣ್ಣಮಾ? ಮರಿ ಇದ್ದಾಗ ಇರ್ತದಮ್ಮಾ, ಹಳದಿ. ಹತ್ತು ಹದಿನೈದು ದಿನ. ತರ್ವಾತ ಹೋಗ್ತದ. ಮತ್ತ ಬರಲ್ಲ.”

ಒಂದು ಚೀಲ ಗರಿ ಆರಿಸಿ ಕೊಟ್ಟ. ಬರುವಾಗ ಜೈನಾಬೀ ಏರಿಯ ಮೇಲೆ ನಿಂತು, “ಅಲ್ಲಾ, ಇಷ್ಟೊಂದು ಇದ್ರೂ ಒಂದ ಮಾತು ಎಲ್ಲಾ ಕೂಡಿ ಆಡ್ತಾವ ನೋಡು,” ಎಂದರು. ಅವುಗಳ ಗದ್ದಲ ಮನೆ ಮುಟ್ಟುವವರೆಗೂ ಕಿವಿಯಲ್ಲಿತ್ತು.

ನವೆಂಬರ್ 28, ಗುರುವಾರ

ಪಂಪಾವತಿಯ ಕಪ್ಪು ತಟ್ಟೆಯನ್ನು ಬೀರುವಿನಿಂದ ತೆಗೆದು ಅವಳಿಗೇ ಕೊಟ್ಟೆ. ನೀನು ಹೇಳಿದ್ದೇ ಖರೆ ಎಂದೆ. ಅವಳು ಗರಿಗಳ ಚೀಲ ಎಳೆದುಕೊಂಡು, ಎಲ್ಲಕ್ಕಿಂತ ಕೊಳಕಾದದ್ದನ್ನು ಆರಿಸಿ, ಬಾಲಕ್ಕೆ ಅಂಟಿಸಿದಳು. ಉಳಿದವರೂ ಕಂದು ಬಣ್ಣ ಬೇಕೆಂದು ಗದ್ದಲ ಎಬ್ಬಿಸಿದರು. ಕಂದು ಇರಲಿಲ್ಲ. ಕೆಂಪು, ಹಸಿರು ಕಲೆಸಿ ಮಾಡಿಕೊಟ್ಟೆ. ದೊಡ್ಡ ಮೇಡಂ ಬಾಗಿಲಲ್ಲಿ ಬಂದು ನಿಂತು, “ಇವೇನು, ಕಾಗಿ ಮಾಡ್ಸೀಯೇನು?” ಎಂದರು. ಇಪ್ಪತ್ತಮೂರು ಮಕ್ಕಳೂ ಅಲ್ಲ ಎಂದು ಕೂಗಿದವು.

ಡಿಸೆಂಬರ್ 1, ಭಾನುವಾರ

ಹೊಸ ಬಗೆಯದನ್ನು ಒಯ್ದಿದ್ದೆ. ದಪ್ಪ ಕಾಗದದಲ್ಲಿ ಬಾತುಕೋಳಿಯ ಮೈ ಕತ್ತರಿಸಿ, ಹೊಟ್ಟೆಯ ಕೆಳಗೆ ಎರಡು ತೂತು. ತೋರುಬೆರಳು, ನಡುಬೆರಳು ತೂರಿಸಿದರೆ ಅವೇ ಕಾಲು. ನಡೆಯುತ್ತದೆ, ಓಡುತ್ತದೆ, ಕುಪ್ಪಳಿಸುತ್ತದೆ. ಎರಡು ಮಾಡಿದ್ದೆ, ನನಗೊಂದು, ಅವಳಿಗೊಂದು.

ನನ್ನದು ಅಮರಗುಂಡಪ್ಪನವರ ಪೇಪರಿನ ಮೇಲೆ ಹತ್ತಿ ನಡೆಯಿತು. “ಏ, ಸುದ್ದಿ ಓದಾಕ ಬಿಡ್ತದೋ ಇಲ್ಲೋ ಇದು,” ಎಂದು ಅವರು ಕಾಲು ಮೇಲೆತ್ತಿದರು. ಶಾಂಭವಿ ನಕ್ಕಳು. ಕೆಳಗಿನ ಹಲ್ಲು ಒಂದು ಬಿದ್ದಿದೆ. ಅದು ನನಗೆ ಗೊತ್ತೇ ಇರಲಿಲ್ಲ. ಅವಳ ಬಾತುಕೋಳಿ ನನ್ನದನ್ನು ಅಟ್ಟಿಸಿಕೊಂಡು ಬಂತು. ನನ್ನ ತೋಳಿನ ಮೇಲೆ ಓಡಿ ಭುಜ ಹತ್ತಿತು. ಅವಳ ಬೆರಳು ನನ್ನ ಕುತ್ತಿಗೆಗೆ ತಾಗಿದವು.

ಹಾಗೇ ಕೆಳಗಿಳಿದು, ನೆಲದ ಮೇಲೆ ನಡೆಯುತ್ತ ನಡೆಯುತ್ತ, ಬಾತುಕೋಳಿ ಹೊಸ್ತಿಲಿಗೆ ಹೋಯಿತು. ಹೊಸ್ತಿಲು ದಾಟಿತು. ಅಂಗಳದಲ್ಲಿ ಅವಳೂ ಓಡಿದಳು. “ಅವ್ವಾ, ಬಾತುಕೋಳಿ ಬಂತು!”

ಕಿಟಕಿಯಿಂದ ನೋಡಿದೆ. ಭುವನೇಶ್ವರಿ ರಸ್ತೆಯಾಚೆ ನಿಂತಿದ್ದಳು. ನೆರಳಿಲ್ಲ. ಸೆರಗು ತಲೆಗೆ ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ, ಬಗಲಲ್ಲೊಂದು ಚೀಲ. ಭೇಟಿಯ ಹೊತ್ತಲ್ಲಿ ಆ ಕಡೆಯವರು ಯಾರೂ ಪಡಸಾಲೆಯಲ್ಲಿ ಇರಕೂಡದು ಎಂದು ನನ್ನ ವಕೀಲರೇ ಆದೇಶದಲ್ಲಿ ಹಾಕಿಸಿದ್ದು. ಅವಳು ಬಗ್ಗಿ ಮಗುವಿನ ಬೆರಳುಗಳಿಗೆ ಏನೋ ಹೇಳಿ, ತಿರುಗಿಸಿ ವಾಪಸ್ಸು ಕಳಿಸಿದಳು.

ಶಾಂಭವಿ ಬಂದು ಕೂತಳು. ಆಮೇಲೆ ಆಡಲಿಲ್ಲ.

ಡಿಸೆಂಬರ್ 3, ಮಂಗಳವಾರ

ನಿನ್ನೆ ಶಾಲೆಗೆ ಹೋಗಲಿಲ್ಲ. ಇವತ್ತೂ ಇಲ್ಲ. ಎದ್ದು ಕೂಡುವುದೇ ಕೆಲಸ ಎನಿಸುತ್ತದೆ. ಹಿಂದೆ ಶುರುವಾದದ್ದೂ ಹೀಗೇ. ಹೆದರಿಕೆ ಆಗುತ್ತಿದೆ. ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗದೆ ಎಣಿಸಿ ನೋಡಿದೆ. ನುಂಗಿದ್ದೇನೆ.

ಡಿಸೆಂಬರ್ 5, ಗುರುವಾರ

ಜೈನಾಬೀ ಮೆಟ್ಟಿಲು ಹತ್ತಿ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ಹೋದರು. ಮೊಣಕಾಲು ನೋವಿನವರು. ತಟ್ಟೆ ತೊಳೆದು ಕೊಡಲು ಕೆಳಗೆ ಹೋಗಲೇಬೇಕಾಯಿತು. ಹೋದವಳನ್ನು ಕೂಡಿಸಿ ಒಂದು ತಾಸು ಸೂಜಿಗೆ ದಾರ ಪೋಣಿಸಲು ಹಚ್ಚಿದರು. ಕೌದಿ ಹೊಲಿಯುತ್ತಾರೆ, ಕಣ್ಣು ಕಾಣುವುದಿಲ್ಲ.

ನಾಳೆ ಶಾಲೆಗೆ ಹೋಗುತ್ತೇನೆ.

ಡಿಸೆಂಬರ್ 15, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಎರಡು ಬೆರಳಿನ ಬಾತುಕೋಳಿಗಳನ್ನೇ ಒಯ್ದಿದ್ದೆ. ಸ್ವಲ್ಪ ಹೊತ್ತು ಆಡಿದೆವು. ಆಮೇಲೆ ನನ್ನ ಬಾತುಕೋಳಿ ಅವಳದಕ್ಕೆ ಹೇಳಿತು: “ಯಾರರ ಕೇಳಿದ್ರ, ನಾ ಅವ್ವನ ಕೂಡ ಇರ್ತೀನಿ ಅನ್ನಬೇಕು. ಏನಂತೀ?”

“ನಾ ಅವ್ವನ ಕೂಡ ಇರ್ತೀನಿ!” ಅವಳ ಬಾತುಕೋಳಿ ಕುಣಿಯಿತು. ಕಣ್ಣು ಬಾಗಿಲ ಕಡೆ ಹೋಯಿತು.

“ಆ ಅವ್ವ ಅಲ್ಲ,” ಎಂದೆ. ಬಾತುಕೋಳಿಯ ದನಿ ಹೋಗಿ ನನ್ನ ದನಿ ಬಂತು. “ನಾ ನಿಮ್ಮವ್ವ. ದಾನೇಶ್ವರಿ. ಹೇಳು, ನಾ ದಾನೇಶ್ವರಿ ಅವ್ವನ ಕೂಡ ಸಿಂಧನೂರಿಗೆ ಹೋಗ್ತೀನಿ.”

ಹೇಳಿದಳು. ಪದ್ಯ ಒಪ್ಪಿಸುವ ಹಾಗೆ, ಕೈ ಕಟ್ಟಿಕೊಂಡು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಬಾಯಿ ಆಡಿತು, ದನಿ ಬರಲಿಲ್ಲ. ನೋಡಿದರೆ ಅವಳ ಕಾಲ ಕೆಳಗೆ ನೆಲ ಒದ್ದೆಯಾಗಿತ್ತು.

ಅಮರಗುಂಡಪ್ಪ ಪೇಪರು ಇಳಿಸಿದರು. ನನ್ನನ್ನು ನೋಡಲಿಲ್ಲ. ಬಾಗಿಲಿಗೆ ಹೋಗಿ, “ಭುವನವ್ವಾ, ಬಾ ಇಲ್ಲೆ,” ಎಂದು ಕೂಗಿದರು. ಅವಳು ಬಂದಳು. ಬಗಲ ಚೀಲದಲ್ಲಿ ಒಂದು ಫ್ರಾಕು, ಚಡ್ಡಿ, ಟವೆಲು. ಮೂಲೆಗೆ ಕರೆದುಕೊಂಡು ಹೋಗಿ ನಿಮಿಷದಲ್ಲಿ ಬದಲಿಸಿದಳು. ನಾನು ಎರಡು ಬೆರಳಿಗೆ ಬಾತುಕೋಳಿ ಸಿಕ್ಕಿಸಿಕೊಂಡೇ ನಿಂತಿದ್ದೆ.

“ಆಗ್ತದ ತಾಯಿ, ಆಗ್ತದ,” ಎನ್ನುತ್ತಿದ್ದಳು ಅವಳು. ಮಗುವಿಗೆ.

ಡಿಸೆಂಬರ್ 16, ಸೋಮವಾರ

ಮಕ್ಕಳು ಒದ್ದೆ ಮಾಡಿಕೊಳ್ಳುತ್ತಾರೆ. ನನ್ನ ತರಗತಿಯಲ್ಲೇ ವಾರಕ್ಕೆ ಮೂರು ಸಲ ಆಗುತ್ತದೆ. ದೊಡ್ಡದೇನಲ್ಲ.

ಡಿಸೆಂಬರ್ 19, ಗುರುವಾರ

ಹತ್ತಿ ಅಂಟಿಸಿ ಮರಿ ಮಾಡುವಾಗ ಪಂಪಾವತಿ ಕೇಳಿದಳು: “ಮಿಸ್, ನಿಮಗ ಮಕ್ಕಳದಾವೇನ್ರಿ?”

“ಒಬ್ಬಾಕಿ ಅದಾಳ.”

“ಆಕಿಗೂ ಬಾತುಕೋಳಿ ಮಾಡಿಸ್ತೀರೇನ್ರಿ?”

“ಹೂಂ.”

“ಆಕಿದು ಯಾವ ಬಣ್ಣದ್ದು?”

ನನಗೆ ಗೊತ್ತಿರಲಿಲ್ಲ. ಮೂರು ಭೇಟಿಯಲ್ಲಿ ಎಲ್ಲವನ್ನೂ ನಾನೇ ಮಾಡಿ, ನಾನೇ ಬಣ್ಣ ಹಚ್ಚಿ ಒಯ್ದಿದ್ದೇನೆ. ಅವಳ ಕೈಗೆ ಒಂದು ಸಲವೂ ಕುಂಚ ಕೊಟ್ಟಿಲ್ಲ. ಅಂಚು ಕೆಡುತ್ತದೆ ಎಂದು.

ಡಿಸೆಂಬರ್ ಹದಿನೈದರದು ದೊಡ್ಡದೇ.

ಜನವರಿ 5, 2025, ಭಾನುವಾರ

ಕುಂಚ, ಬಣ್ಣ, ಬರೀ ಕಾಗದ ಒಯ್ದಿದ್ದೆ. ಹನ್ನೊಂದೂವರೆ ಆದರೂ ಶಾಂಭವಿ ಬರಲಿಲ್ಲ. ಅಮರಗುಂಡಪ್ಪ, “ಕೂಸಿಗೆ ಮೈಮ್ಯಾಲ ಅಮ್ಮ ಎದ್ದಾಳಂತ. ಮುಂಜಾನೆ ಹೇಳಿ ಕಳಿಸ್ಯಾರ,” ಎಂದರು. ಸುಳ್ಳು ಎನಿಸಿತು. ವಕೀಲರಿಗೆ ಫೋನು ಮಾಡಿದೆ. “ಒಳ್ಳೇದಾತು. ಆದೇಶ ಮುರದಾರಂತ ಅರ್ಜಿ ಹಾಕೂಣು,” ಎಂದರು.

ಫೋನು ಇಟ್ಟವಳೇ ಆ ಮನೆಗೆ ನಡೆದೆ. ಮೂರು ವರ್ಷದಿಂದ ಆ ಓಣಿಗೆ ಕಾಲಿಟ್ಟಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅದನ್ನು ನೋಡಿದ ಮೇಲೂ ಹೋಗಲಾಗದೆ ಎದುರು ಕಟ್ಟೆಯ ಹತ್ತಿರ ನಿಂತೆ. ಭುವನೇಶ್ವರಿ ನೀರು ಚೆಲ್ಲಲು ಹೊರಗೆ ಬಂದವಳು ನೋಡಿದಳು. ಕೊಡ ಕೆಳಗಿಟ್ಟಳು.

“ಒಳಗ ಕರಿಯಾಕ ಬರಂಗಿಲ್ಲ. ಸಂಗ ಅದಾನ,” ಎಂದಳು. ಓಣಿಯ ಆಚೀಚೆ ನೋಡಿ, “ಹಿತ್ತಲ ಕಡೆ ಬಾ,” ಎಂದಳು.

ಹಿತ್ತಲ ಕಿಟಕಿಯ ಒಂದು ಬಾಗಿಲು ಒಳಗಿನಿಂದ ತೆರೆಯಿತು. ಶಾಂಭವಿ ಮಲಗಿದ್ದಳು. ಮುಖ, ಕುತ್ತಿಗೆ, ಕಣ್ಣ ರೆಪ್ಪೆ ಎಲ್ಲ ಗುಳ್ಳೆ. ಭುವನೇಶ್ವರಿ ಬೇವಿನ ಎಲೆಯಿಂದ ಮೆಲ್ಲಗೆ ಸವರುತ್ತಿದ್ದಳು. ಕೆರೆಯಬಾರದೆಂದು ಕೈಗೆ ಹಳೆಯ ಕಾಲುಚೀಲ ಹಾಕಿದ್ದಳು.

ಹೊರಗೆ ಬಂದು ಗೋಡೆಗೆ ಆತು ನಿಂತು ಕೇಳಿದಳು. “ಆ ದಿನ ಆಕಿಗೆ ಏನಂದಿ?”

ನಾನು ಕಿಟಕಿಯ ಕಡೆ ತಿರುಗಿದೆ.

“ಅವತ್ತಿಂದ ದಿನಾ ಹಾಸಗಿ ಒದ್ದಿ ಮಾಡ್ತಾಳ. ಒಬ್ಬಾಕಿನ ಕುಂತು ಬಾಯಿಪಾಠ ಮಾಡ್ದಂಗ ಮಾತಾಡ್ತಾಳ. ನಾ ಸಿಟ್ಟಿಗೆದ್ದು ಕೇಳಾಕತ್ತಿಲ್ಲ. ಗೊತ್ತಾದ್ರ ಸಮಾಧಾನ ಮಾಡಾಕ ಬರ್ತದ.”

ಹೇಳಿದೆ. ಬಾತುಕೋಳಿ ಹೇಳಿದ್ದು, ನಾನು ಹೇಳಿದ್ದು, ಮೂರು ಸಲ ಹೇಳಿಸಿದ್ದು. ಅವಳು ಬೈಯುತ್ತಾಳೆಂದು ಕಾದೆ. ಅವಳು ನೆಲ ನೋಡುತ್ತ ಅಂದಳು:

“ಸಂಗನೂ ಹೇಳಿಕೊಟ್ಟಾನ. ‘ನಾ ಅಪ್ಪನ ಮನಿ ಬಿಟ್ಟು ಹೋಗಂಗಿಲ್ಲ’ ಅಂತ. ಊಟದ ಮುಂದ ದಿನಾ ಹೇಳಿಸ್ತಾನ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ನನಗೂ ಹೆದರಿಕೆ ಇತ್ತು, ನೀ ಒಯ್ತಿ ಅಂತ.”

ಐದು ವರ್ಷದ ಕೂಸು, ಎರಡು ಮಾತು ಬಾಯಿಪಾಠ. ಯಾವುದು ಹೇಳಿದರೂ ಒಬ್ಬರಿಗೆ ತಪ್ಪು.

ಅರ್ಜಿ ಹಾಕಬೇಡಿ ಎಂದು ವಕೀಲರಿಗೆ ಬಸ್ಸಿನಿಂದಲೇ ಹೇಳಿದೆ.

ಜನವರಿ 8, ಬುಧವಾರ

ಇದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ. ಡಾಕ್ಟರಿಗೆ ಮಾತ್ರ ಹೇಳಿದ್ದೆ.

ಮೂರು ವರ್ಷದ ಹಿಂದೆ, ಶಾಂಭವಿಗೆ ಎರಡು ವರ್ಷ. ಅದಕ್ಕೆ ಮೊದಲು ತಿಂಗಳುಗಟ್ಟಲೆ ನಾನು ನಿದ್ದೆ ಮಾಡಿರಲಿಲ್ಲ. ಮಾತಾಡುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ಹಟ ಎಂದರು ಮನೆಯವರು. ಒಂದು ದಿನ ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಲಿಂಗಸುಗೂರು ಬಸ್‌ಸ್ಟ್ಯಾಂಡಿಗೆ ಹೋದೆ. ಮಗುವನ್ನು ಬೆಂಚಿನ ಮೇಲೆ ಕೂಡಿಸಿದೆ. ಮಸ್ಕಿ ಬಸ್ಸು ಬಂತು, ಹತ್ತಿದೆ. ಕೈ ಖಾಲಿ ಇದೆ ಎಂದು ಗೊತ್ತಾದದ್ದು ಮಸ್ಕಿಯಲ್ಲಿ ಅಣ್ಣ ಕೇಳಿದ ಮೇಲೆ. ಹುಡುಕಿಕೊಂಡು ಬಂದು ಮಗುವನ್ನು ಎತ್ತಿಕೊಂಡದ್ದು ಭುವನೇಶ್ವರಿ.

ಅವಳು ಮಗುವನ್ನು ಕಸಿದುಕೊಂಡಳು ಎಂದು ಇಷ್ಟು ದಿನ ಬರೆದೆ. ಹಾಗೆ ನಡೆದಿರಲಿಲ್ಲ.

ಜನವರಿ 19, ಭಾನುವಾರ

ಹೋದ ತಕ್ಷಣ ಅಮರಗುಂಡಪ್ಪನವರಿಗೆ ಹೇಳಿದೆ, ಭುವನಕ್ಕನೂ ಒಳಗೆ ಬರಲಿ.

ಅವರು ಕನ್ನಡಕ ತೆಗೆದರು. “ಬ್ಯಾಡ ಅಂದಾಕಿ ನೀನ ಅಲ್ಲೇನವ್ವಾ?”

“ಹೌದ್ರೀ. ಈಗ ಬರ್ಲಿ ಅನ್ನಾಕಿನೂ ನಾನ.”

“ಹಂಗಾರ ನಾ ನೋಟುಬುಕ್ಕಿನ್ಯಾಗ ಏನ್ ಬರೀಲಿ?”

“ಭೇಟಿ ಆಯಿತು ಅಂತ.”

ಮೂವರೂ ನೆಲದ ಮೇಲೆ ಕೂತೆವು. ಶಾಂಭವಿಯ ಗುಳ್ಳೆಗಳೆಲ್ಲ ಒಣಗಿ ಕಲೆಯಾಗಿವೆ. ಕುಂಚ ಅವಳ ಕೈಗೇ ಕೊಟ್ಟೆ. ಯಾವ ಬಣ್ಣ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ನೇರಳೆ ಎಂದಳು. ನೇರಳೆ ಬಾತುಕೋಳಿಗೆ ಮೈತುಂಬ ಬಿಳಿ ಚುಕ್ಕೆ ಇಟ್ಟಳು. ಇದಕ್ಕೂ ಅಮ್ಮ ಎದ್ದಾಳಂತೆ. ಭುವನಕ್ಕ ಕಾಗದ ಕತ್ತರಿಸಿದ್ದು ಬಾತುಕೋಳಿಯೋ ಚಪ್ಪಲಿಯೋ ತಿಳಿಯಲಿಲ್ಲ. ಶಾಂಭವಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಹೇಳಿದೆ, “ಅವತ್ತು ನನ್ನ ಬಾತುಕೋಳಿ ಹೇಳಿಕೊಟ್ಟಿತ್ತಲ್ಲ, ಅದು ತಪ್ಪು. ನೀ ಅದನ್ನ ಯಾರ ಮುಂದೂ ಹೇಳಬೇಕಿಲ್ಲ.”

ಕುಂಚ ನಿಂತಿತು. “ಅಪ್ಪ ಹೇಳಿಕೊಟ್ಟಿದ್ದು?”

ನಾನು ಭುವನಕ್ಕನ ಮುಖ ನೋಡಿದೆ. ಅವಳು ಕತ್ತರಿ ಕೆಳಗಿಟ್ಟು, “ಅದೂ ಬ್ಯಾಡ. ನಾ ಅಪ್ಪಗ ಹೇಳ್ತೀನಿ,” ಎಂದಳು.

“ಎರಡೂ ಮರೀಲೇನು?”

“ಎರಡೂ ಮರಿ.”

ಒಂದು ಗಂಟೆ ಹೊಡೆದಾಗ ಬಣ್ಣ ಇನ್ನೂ ಹಸಿ ಇತ್ತು. ಅಮರಗುಂಡಪ್ಪ ಗಡಿಯಾರ ನೋಡದವರ ಹಾಗೆ ಪೇಪರಿನ ಮೊದಲ ಪುಟಕ್ಕೆ ಹೋದರು. ಹೋಗುವಾಗ ಶಾಂಭವಿ ಭುವನಕ್ಕನನ್ನು ಕೇಳುತ್ತಿದ್ದುದು ಕೇಳಿಸಿತು, “ಸಿಂಧನೂರವ್ವ ಮತ್ತ ಯಾವಾಗ ಬರ್ತಾಳ?”

ಜನವರಿ 22, ಬುಧವಾರ

ವಕೀಲರಿಗೆ ಹೇಳಿಬಿಟ್ಟೆ. ಮಗುವನ್ನು ಏನೂ ಕೇಳುವುದು ಬೇಡ. ಅವಳು ಈಗ ಇರುವಲ್ಲೇ ಇರಲಿ. ಒಂದು ವಾರ ಬಿಟ್ಟು ಒಂದು ವಾರ ಶನಿವಾರ, ಭಾನುವಾರ ನನ್ನ ಹತ್ತಿರ ಬರಲಿ.

“ಮೇಡಂ, ಗೆಲ್ಲೋ ಕೇಸು ನೀವಾಗೇ ಬಿಟ್ಟುಕೊಡಾಕತ್ತೀರಿ. ಮುಂದ ಪಶ್ಚಾತ್ತಾಪ ಪಡ್ತೀರಿ.”

ಪಡಬಹುದು. ಮನೆಗೆ ಬಂದು ಬಹಳ ಅತ್ತೆ. ಆಮೇಲೆ ಕೆಳಗೆ ಹೋಗಿ ಜೈನಾಬೀಯ ಎಂಟು ಸೂಜಿಗೆ ದಾರ ಪೋಣಿಸಿಟ್ಟೆ.

ಜನವರಿ 25, ಶನಿವಾರ

ಪ್ರದರ್ಶನ. ಗೋಡೆ ತುಂಬ ಬಾತುಕೋಳಿ. ತಟ್ಟೆಯವು, ಹತ್ತಿಯವು, ಅಂಗೈ ಅಚ್ಚಿನವು, ಗರಿಯವು. ಕಂದು, ಕಪ್ಪು, ಒಂದೆರಡು ಹಳದಿ. ತಾಯಂದಿರು ಬಂದು ತಂತಮ್ಮ ಮಕ್ಕಳ ಹೆಸರು ಹುಡುಕಿದರು. “ಇದು ನಂದು, ಇದು ನಂದು” ಎಂದು ಮಕ್ಕಳು ಅವರ ಸೆರಗು ಎಳೆಯುತ್ತಿದ್ದವು. ನಾನು ಬಾಗಿಲ ಹತ್ತಿರ ಪೆನ್ನು ಹಿಡಿದು ಹಾಜರಿ ಸಹಿ ತೆಗೆದುಕೊಳ್ಳುತ್ತಿದ್ದೆ.

ಪಂಪಾವತಿಯ ತಾಯಿ ಗದ್ದೆ ಕೆಲಸದಿಂದ ನೇರ ಬಂದಿದ್ದರು. ಕರಿ ಬಾತುಕೋಳಿಯ ಮುಂದೆ ನಿಂತು, “ಇದು ಖರೇ ಬಾತುಕೋಳಿ ಐತ್ರೀ,” ಎಂದರು.

ಎಲ್ಲರೂ ಹೋದ ಮೇಲೆ ಕೋಣೆ ಗುಡಿಸಿ ಕೀಲಿ ಹಾಕಿದೆ.

ಫೆಬ್ರವರಿ 6, ಗುರುವಾರ

ವಿಚಾರಣೆ ಹದಿನೈದು ನಿಮಿಷದಲ್ಲಿ ಮುಗಿಯಿತು. ಜಡ್ಜ್ ಸಾಹೇಬರು ನನ್ನ ಅರ್ಜಿ ಎರಡು ಸಲ ಓದಿ, ನೀವು ಸ್ವಂತ ಇಚ್ಛೆಯಿಂದ ಬರ್ಕೊಟ್ಟಿದ್ದಾ ಎಂದು ಕೇಳಿದರು. ಹೌದು ಎಂದೆ. ಮಗುವನ್ನು ಒಳಗೆ ಕರೆಯಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಸಂಗನಬಸವ ಎದುರಿಗೆ ಬಂದ. ಕೂದಲು ನರೆತಿದೆ. ಮೂರು ವರ್ಷದಲ್ಲಿ ನನಗೆ ಆಡಿದ ಮೊದಲ ಮಾತು:

“ಆ ಬಸ್‌ಸ್ಟ್ಯಾಂಡು ನಾ ಮರತಿಲ್ಲ.”

“ನಾನೂ ಮರತಿಲ್ಲ,” ಎಂದೆ.

ಅವನು ಕೈಯಲ್ಲಿದ್ದ ಕಾಗದ ಮಡಚಿದ. ಬಿಚ್ಚಿದ. ಮತ್ತೆ ಮಡಚಿದ. “ಮೊದಲ ಮೂರು ತಿಂಗಳು ಅಕ್ಕ ಸಂಗಟ ಬರ್ತಾಳ. ಒಬ್ಬಾಕಿನ್ನ ಕಳಿಸಂಗಿಲ್ಲ.”

“ಬರ್ಲಿ.”

ಒಪ್ಪಂದವೆಂದರೆ ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಗೆದ್ದೆನೋ ಸೋತೆನೋ ಎಂದು ಅಣ್ಣ ಫೋನಿನಲ್ಲಿ ಕೇಳಿದ. ಮಸ್ಕಿಯಲ್ಲಿ ಇಳಿದು ಅವರ ಮನೆಯಲ್ಲಿ ಉಂಡು ಬಂದೆ.

ಫೆಬ್ರವರಿ 15, ಶನಿವಾರ

ಹತ್ತರ ಬಸ್ಸಿಗೆ ಭುವನಕ್ಕ, ಶಾಂಬು ಬಂದರು. ಶಾಂಬು ಮೊದಲು ಕೋಣೆಯ ಎಲ್ಲ ಮೂಲೆ ನೋಡಿದಳು. ಟಿವಿ ಇಲ್ಲವೇ ಎಂದಳು. ಇಲ್ಲ ಎಂದೆ. ಜೈನಾಬೀ ಮೇಲೆ ಬಂದು ಎರಡು ಕೊಬ್ಬರಿ ಮಿಠಾಯಿ ಕೊಟ್ಟು, ಹೋಗಲು ಮನಸ್ಸಿಲ್ಲದೆ ಹೊಸ್ತಿಲಲ್ಲೇ ಕೂತು ಭುವನಕ್ಕನ ತವರು ಯಾವುದು, ಕೌದಿ ಹೊಲಿಯಲು ಬರುತ್ತದೆಯೇ ಎಂದೆಲ್ಲ ಕೇಳಿದರು.

ಊಟಕ್ಕೆ ಮೊದಲು ಮೂರು ಬಾತುಕೋಳಿ ಮಾಡಿದೆವು. ಶಾಂಬು ಕೊಕ್ಕಿಗೆ ಗೋಂದು ಹಚ್ಚುತ್ತ, ತಲೆ ಎತ್ತದೆ ಕೇಳಿದಳು.

“ನೀ ನನ್ನ ಬಸ್‌ಸ್ಟ್ಯಾಂಡಿನ್ಯಾಗ ಬಿಟ್ಟು ಹೋಗಿದ್ದೆಂತ, ಹೌದೇನು?”

ಭುವನಕ್ಕ ಗಾಬರಿಯಾಗಿ, “ಯಾರಂದ್ರು ನಿನಗ?” ಎಂದಳು.

“ಅಪ್ಪ ಫೋನಿನ್ಯಾಗ ಅನ್ನಾಕತ್ತಿದ್ದ.”

“ಹೌದು,” ಎಂದೆ. “ಬಿಟ್ಟು ಹೋಗಿದ್ದೆ.”

“ಯಾಕ?”

“ನನಗ ಆರಾಮ ಇರಲಿಲ್ಲ. ತಲಿ ಕೆಟ್ಟಿತ್ತು. ನಿನ್ನ ಬಿಟ್ಟೀನಿ ಅಂತನೂ ಗೊತ್ತಾಗಲಿಲ್ಲ.”

“ಈಗ ಆರಾಮ ಆಗೀಯೇನು?”

“ಮಾತ್ರೆ ತಗೋತೀನಿ. ಈಗ ಗೊತ್ತಾಗ್ತದ.”

“ಆಗ ನಾ ಭಾಳ ಅತ್ತಿದ್ನೇನು?”

ಇಷ್ಟು ವರ್ಷ ಅದೊಂದನ್ನು ಯಾರನ್ನೂ ಕೇಳುವ ಧೈರ್ಯವಾಗಿರಲಿಲ್ಲ. ಭುವನಕ್ಕ ಹೇಳಿದಳು:

“ಏನೂ ಅತ್ತಿರಲಿಲ್ಲ. ಯಾರೋ ಒಬ್ಬ ಮುದುಕಿ ಬಿಸ್ಕೀಟ್ ಪುಡಿಕಿ ಒಡದು ಕೊಟ್ಟಿದ್ಲು. ಅರ್ಧ ಪುಡಿಕಿ ಖಾಲಿ ಮಾಡಿ ಕುಂತಿದ್ದಿ. ನಾ ಬಂದ್ರ ನನಗೂ ಒಂದು ಕೊಟ್ಟಿ.”

ಶಾಂಬು ಕೈಯಲ್ಲಿದ್ದ ಕೊಕ್ಕನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಅಂಗೈ ನನ್ನ ಮುಂದೆ ಹಿಡಿದಳು. “ಈ ಕೊಕ್ಕು ಸೊಟ್ಟ ಆಗೇದ. ನನಗ ಇನ್ನೊಂದು ಬೇಕು.”

ಕತ್ತರಿಸಿ ಕೊಟ್ಟೆ.

ಈಗ ಮೂರು ಗಂಟೆ. ಉಂಡು ಇಬ್ಬರೂ ಮಲಗಿದ್ದಾರೆ. ಬಸ್ಸಿನ ದಣಿವು. ಇರುವುದೊಂದೇ ಚಾಪೆ, ಅವರಿಗೆ ಬಿಟ್ಟು ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ನಾಲ್ಕಕ್ಕೆ ಅವರ ಬಸ್ಸು. ಆಮೇಲೆ ಹದಿಮೂರು ದಿನ ಯಾರೂ ಬರುವುದಿಲ್ಲ. ಅದನ್ನು ನಾಳೆ ನೋಡಿದರಾಯಿತು.

ಒಳಗೆ ಎಚ್ಚರವಾದ ಹಾಗಿದೆ. ಹೊಸ ಜಾಗ, ಗಾಬರಿಯಾಗಿರಬೇಕು. “ಅವ್ವಾ,” ಎನ್ನುತ್ತಿದ್ದಾಳೆ. ಕರೆಯುತ್ತಿರುವುದು ಭುವನಕ್ಕನನ್ನು. ಭುವನಕ್ಕ ಗೊರಕೆ ಹೊಡೆಯುತ್ತಿದ್ದಾಳೆ.

ನಾನೇ ಹೋಗುತ್ತೇನೆ.